ಭಾವನ ಮಡಚುವ ಸೀಟು

ನಮ್ಮ ಭಾವನ ಕೈಯಲ್ಲಿ ಮಡಚಿಸಿಕೊಳ್ಳದೆ ಉಳಿದ ವಸ್ತು ಈ ಲೋಕದಲ್ಲಿ ಒಂದಿದ್ದರೆ ಅದು ನಾನು ಎಂದುಕೊಂಡಿದ್ದೆ. ನನ್ನನ್ನೂ ಒಮ್ಮೆ ಅರ್ಧಕ್ಕೆ ಮಡಚಿದ್ದಾರೆ!

ಭಾವ ಎಂದರೆ ನನ್ನ ಅಕ್ಕನ ಗಂಡ. ತುರ್ಭೆಯ ಒಂದು ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ದೊಡ್ಡ ದೊಡ್ಡ ಯಂತ್ರಗಳಿಗೆ ಮರದ ಪೆಟ್ಟಿಗೆ ಕಟ್ಟುತ್ತಾ ನೌಕರಿ ಮುಗಿಸಿದವರು. ಮನೆ ಕಲ್ಯಾಣದಲ್ಲಿ, ಲಿಫ್ಟಿಲ್ಲದ ಕಟ್ಟಡದ ಮೂರನೇ ಮಾಳಿಗೆ, ಒಂದು ಕೋಣೆ, ಒಂದು ಅಡುಗೆಮನೆ. ಅಂಥ ಮನೆಯಲ್ಲಿ ಮಂಚ ಮಡಚಬೇಕು, ಮೇಜು ಮಡಚಬೇಕು, ಒಪ್ಪಿದೆ. ದೇವರ ಮಂಟಪವನ್ನೂ ಮಡಚಬೇಕೇ? ಪೂಜೆ ಮುಗಿದು ಆರತಿ ತಣ್ಣಗಾಗುವಷ್ಟರಲ್ಲಿ ಭಾವ ಒಂದು ಕೊಂಡಿ ಎಳೆಯುತ್ತಿದ್ದರು. ಮುಕ್ಕೋಟಿ ದೇವತೆಗಳು ಗೋಡೆಯೊಳಗೆ! ಅವರ ಮಂಚದ ಮೇಲೆ ನಾನೊಂದು ಮಧ್ಯಾಹ್ನ ಊಟ ಮುಗಿಸಿ ಅಡ್ಡಾಗಿದ್ದೆ. ಮಗ್ಗುಲು ಬದಲಿಸಿದ್ದೇ ತಪ್ಪಾಯಿತು. ಮಂಚ ತನ್ನ ಧರ್ಮ ಪಾಲಿಸಿತು. ಕಾಲು ಮತ್ತು ತಲೆ ಮುಖಾಮುಖಿಯಾದ ನನ್ನನ್ನು ನೋಡಿ ಭಾವ ಹೇಳಿದ್ದಿಷ್ಟೇ:

"ನೋಡಿದಿಯಾ ಮಾರಾಯ, ಸ್ಪ್ರಿಂಗ್ ಎಷ್ಟು ಸ್ಮೂತ್ ಉಂಟು!"

ವಾರವಿಡೀ ನೆರೂಳದಿಂದ ಆಫೀಸಿಗೆ, ಆಫೀಸಿನಿಂದ ನೆರೂಳಕ್ಕೆ ರೈಲಿನಲ್ಲಿ ತೂಗಾಡುವವನಿಗೆ ಭಾನುವಾರವೊಂದಾದರೂ ಬೆನ್ನು ನೆಲಕ್ಕೆ ಹಚ್ಚುವ ಆಸೆ ಇರುವುದಿಲ್ಲವೇ? ಭಾವ ನಿವೃತ್ತರಾದ ಮೇಲೆ ಆ ಆಸೆಯನ್ನೂ ಬಿಟ್ಟೆ. ಭಾನುವಾರ ಬೆಳಿಗ್ಗೆ ಫೋನು ಬರುತ್ತಿತ್ತು: "ಎಂತ ಮಾಡ್ತಾ ಇದ್ದಿ? ಖಾಲಿ ಅಲ್ವಾ? ಹೊರಟು ಬಾ." ನಾನು ಖಾಲಿ ಅಲ್ಲ ಎಂದು ನಂಬಿಸುವ ವಿದ್ಯೆ ನನಗೆ ಇವತ್ತಿಗೂ ಕೈಹತ್ತಿಲ್ಲ.

ಹೀಗೆ ಹೊರಟು ಹೋಗಿ ಸಿಕ್ಕಿಬಿದ್ದದ್ದು ಗದ್ದೆಯ ವ್ಯವಹಾರದಲ್ಲಿ. ಭಾವನ ಜೊತೆ ಕೆಲಸ ಮಾಡಿದ ಮರಾಠಿ ಗೆಳೆಯರೊಬ್ಬರು ಮುರ್ಬಾಡ್ ಕಡೆಯ ತಮ್ಮ ಹೊಲದಲ್ಲಿ ಒಂದು ತುಂಡು ಜಾಗವನ್ನು "ತರಕಾರಿ ಬೆಳೆದುಕೊಳ್ಳಿ" ಎಂದು ಬಿಟ್ಟುಕೊಟ್ಟಿದ್ದರು. ಬೇಸಾಯದಲ್ಲಿ ಭಾವ ಶೂನ್ಯ. ತಿಳಿದವಳು ಅಕ್ಕ. ಆದರೆ ಅಕ್ಕನ ಎರಡೂ ಮಂಡಿಗಳು ಮುಷ್ಕರ ಹೂಡಿ ವರ್ಷಗಳಾಗಿದ್ದವು. ಡಾಕ್ಟರ ಹತ್ತಿರ ಹೋಗಬೇಕಾದಾಗ ಮಾತ್ರ ಅವಳು ಕಂಬಿ ಹಿಡಿದು, ತಿರುವು ತಿರುವಿಗೆ ಕೂತು ಸುಧಾರಿಸಿಕೊಂಡು ಮೆಟ್ಟಿಲಿಳಿಯುತ್ತಿದ್ದಳು. ಅಡುಗೆಮನೆಯಲ್ಲಿ ಕೂತೇ ಅವಳು ಆ ಗದ್ದೆಯನ್ನು ಆಳಿದಳು. ಹರಿವೆ ಎಲ್ಲಿ, ಬೆಂಡೆ ಎಲ್ಲಿ, ಬಸಳೆಗೆ ಚಪ್ಪರ ಎಷ್ಟೆತ್ತರ, ಎಲ್ಲವೂ ಅವಳದೇ ಅಪ್ಪಣೆ. ಭಾವ ತಂದ ಸೊಪ್ಪನ್ನು ತಿರುಗಿಸಿ ನೋಡಿ, "ನೀರು ಹೆಚ್ಚಾಯ್ತು" ಎಂದು ತೀರ್ಪು ಕೊಡುತ್ತಿದ್ದಳು. ತಾನು ಬೆಳೆಸಿದ್ದನ್ನು ಕಣ್ಣಾರೆ ಮಾತ್ರ ಕಂಡಿರಲಿಲ್ಲ. ಡಾಂಬರು ರಸ್ತೆ ಮುಗಿದ ಮೇಲೆ ಹೊಲದವರೆಗೆ ಬರೀ ಹೊಂಡದ ಮಣ್ಣುದಾರಿ. ರಿಕ್ಷಾ ಹೋಗುವುದಿಲ್ಲ, ಗೆಳೆಯರ ಟ್ರ್ಯಾಕ್ಟರ್ ಮಾತ್ರ ಹೋಗುತ್ತದೆ. "ನಂಗೆ ಎಂತ ನೋಡ್ಲಿಕ್ಕೂ ಇಲ್ಲ, ಬೇಡ" ಎನ್ನುತ್ತಿದ್ದಳು ಅಕ್ಕ. ಯಾವುದಕ್ಕೂ ಅವಳದು "ಬೇಡ" ಎಂಬ ಒಂದೇ ಉತ್ತರ.

ಆ "ಬೇಡ" ಕೇಳಿ ಕೇಳಿ ಭಾವನಿಗೆ ಟ್ರ್ಯಾಕ್ಟರಿನ ಮಡ್ಗಾರ್ಡಿನ ಮೇಲೆ ಮರದ ಸೀಟು ಕೂರಿಸುವ ಯೋಚನೆ ಹುಟ್ಟಿತು. ಗೆಳೆಯರು ಒಪ್ಪಿದರು, ಆದರೆ "ಕಾಮಾಚ್ಯಾ ವೇಳೀ ಮಧೇ ಯಾಯ್ಲಾ ನಕೋ" ಎಂದರು. ಕೆಲಸದ ಹೊತ್ತಿಗೆ ಅಡ್ಡ ಬರಬಾರದು! ಅಂದರೆ ಮಡಚಬೇಕು! ಭಾವನಿಗೆ ಇದಕ್ಕಿಂತ ಬೇರೆ ಆಶೀರ್ವಾದ ಬೇಕೇ?

ತುರ್ಭೆಯಲ್ಲಿ ಹಳೆಯ ಪೆಟ್ಟಿಗೆ ಹಲಗೆ ಮಾರುವ ಅಂಗಡಿಯೊಂದರ ಅಂಗಳ ಅವರ ಕಾರ್ಯಾಗಾರವಾಯಿತು. ನನ್ನ ಕೆಲಸ ಹಲಗೆಯ ಇನ್ನೊಂದು ತುದಿ ಹಿಡಿಯುವುದು. ಅವರು ಗರಗಸ ಎಳೆದಾಗಲೆಲ್ಲ ನನ್ನ ಹಲ್ಲು ಅದುರುತ್ತಿತ್ತು. ಸೀಟು ತಯಾರಾದಾಗ ನನಗೇಕೋ ಅನುಮಾನ ಬಂತು.

"ಭಾವ, ಅಗಲ ಸ್ವಲ್ಪ ಕಡಿಮೆ ಆಯ್ತಲ್ಲ?"

"ಎಂತ ಕಡಿಮೆ? ಇಷ್ಟೇ ಜಾಗದಲ್ಲಿ ಕೂತು ನಾನು ರಿಟೈರ್ ಆಗಿದ್ದೇನೆ!"

ಮೂವರ ಬೆಂಚಿನಲ್ಲಿ ನಾಲ್ಕನೆಯವರಾಗಿ ಕೂರುವುದು ನಮ್ಮ ಲೋಕಲ್ ರೈಲಿನ ಪದ್ಧತಿ. "ಥೋಡಾ ಸರಕೋ" ಎಂದರೆ ಮೂವರೂ ತುಸು ಸರಿಯುತ್ತಾರೆ. ನಾಲ್ಕನೆಯವರ ಅರ್ಧ ದೇಹ ಬೆಂಚಿನ ಮೇಲೆ, ಉಳಿದರ್ಧ ದೇವರ ಮೇಲೆ. ಭಾವ ಆ ನಾಲ್ಕನೇ ಸೀಟಿನ ಅಳತೆಯನ್ನೇ ಮನುಷ್ಯನ ಅಳತೆಯೆಂದು ನಂಬಿದ್ದರು! ನಾನು ತಾನೇ ಬೇರೆ ಎಲ್ಲಿ ಕೂತಿದ್ದೇನೆ? ಸರಿ ಇರಬಹುದೆಂದು ತಲೆಯಾಡಿಸಿದೆ.

ಅದನ್ನು ಕಲ್ಯಾಣಕ್ಕೆ ಸಾಗಿಸಿದ್ದು ರೈಲಿನ ಲಗೇಜ್ ಡಬ್ಬಿಯಲ್ಲಿ. ಠಾಣೆಯಲ್ಲಿ ಗಾಡಿ ಬದಲಿಸಿ ಹತ್ತಿದೆವು. ಗದ್ದಲದಲ್ಲಿ ಯಾರದೋ ಬುಟ್ಟಿ ತಗುಲಿ ಸೀಟು ತಾನಾಗಿ ತೆರೆದುಕೊಂಡಿತು. ತೆರೆದದ್ದೇ ತಡ, ತರಕಾರಿ ಮಾರುವ ಹೆಂಗಸೊಬ್ಬಳು ಅದರ ಮೇಲೆ ಕೂತೇಬಿಟ್ಟಳು! ಡೊಂಬಿವಲಿ ಬಂದರೂ ಏಳಲಿಲ್ಲ. ಇಳಿಯುವಾಗ, "ಛಾನ್ ಆಹೆ, ಕುಠೂನ್ ಘೇತ್ಲಿ?" ಎಂದು ವಿಚಾರಿಸಿದಳು. ಭಾವನ ಮುಖ ಅರಳಿತು.

"ಕೇಳಿದಿಯಾ? ಚಂದ ಉಂಟಂತೆ, ಎಲ್ಲಿಂದ ತಗೊಂಡ್ರಿ ಅಂತೆ! ಪಾಸ್ ಆಯ್ತು ಮಾರಾಯ, ಪಾಸ್!"

ಮರುವಾರವೇ ಅಕ್ಕನನ್ನು ಹೊರಡಿಸಿದರು. ಅವಳು ಎಷ್ಟು ಸಲ ಬೇಡವೆಂದಳೋ ಅಷ್ಟು ಮೆಟ್ಟಿಲು ಇಳಿಸಿದೆವು. ಮಣ್ಣುದಾರಿಯ ಬಾಯಲ್ಲಿ ಟ್ರ್ಯಾಕ್ಟರ್ ಕಾದಿತ್ತು. ಹತ್ತಲು ಒಂದು ಏಣಿ, ಅದೂ ಮಡಚುವಂಥದ್ದೇ. ಅಕ್ಕ ನನ್ನ ಭುಜ ಹಿಡಿದು ಹತ್ತಿದಳು, ಕೂತಳು. ಎಂಜಿನ್ ಇನ್ನೂ ಶುರುವಾಗಿರಲಿಲ್ಲ. ಅಕ್ಕ ಮೆಲ್ಲಗೆ ಜಾರಿ ನನ್ನ ಹೆಗಲ ಮೇಲೆ ಇಳಿದಳು.

"ಇದು ಯಾರಿಗೆ ಮಾಡಿದ್ದು? ಬೆಕ್ಕಿಗಾ?"

ನಾನು ನಕ್ಕೆ. ಭಾವ ನಗಲಿಲ್ಲ. ಅಕ್ಕ ಆ ದಾರಿಯ ತುದಿಯನ್ನೊಮ್ಮೆ ನೋಡಿ, "ಸಾಕು, ಮನೆಗೆ ಹೋಗುವಾ" ಎಂದಳು. ಮೂರು ಮಾಳಿಗೆ ಇಳಿದ ನೋವೆಲ್ಲ ಸುಮ್ಮನೆ ಹೋಯಿತು. ಹತ್ತುವ ನೋವು ಇನ್ನೂ ಬಾಕಿ ಇತ್ತು. ಅವಳು ಮೆಟ್ಟಿಲ ತಿರುವಿನಲ್ಲಿ ಕೂತು ಮಂಡಿ ಒತ್ತಿಕೊಳ್ಳುವಾಗ ನನಗೆ ಭಾವನ ಮೇಲೆ ನಿಜವಾಗಿ ಸಿಟ್ಟು ಬಂತು.

ಮುಂದಿನ ಭಾನುವಾರ ಫೋನು ಬರಲಿಲ್ಲ. ಅದರ ಮುಂದಿನದೂ ಇಲ್ಲ. ಬೇಕಾಗಿದ್ದ ವಿಶ್ರಾಂತಿ ಸಿಕ್ಕಿದರೂ ನನಗೆ ನಿದ್ದೆ ಹತ್ತಬಾರದೇ? ನಾನೇ ಹೊರಟು ಹೋದೆ. ಅಕ್ಕ ಟಿವಿ ಮುಂದೆ ಕೂತಿದ್ದಳು. ಅವಳ ಬೆನ್ನ ಹಿಂದೆ ಭಾವ ಟೇಪು ಹಿಡಿದು ಕಳ್ಳಹೆಜ್ಜೆ ಇಡುತ್ತಿದ್ದರು.

"ಎಂತ ಮಾಡ್ತಾ ಇದ್ದೀರಿ? ರವಿಕೆ ಹೊಲಿಸ್ಲಿಕ್ಕುಂಟಾ?" ಅಕ್ಕ ತಿರುಗದೆಯೇ ಕೇಳಿದಳು.

"ನೀನು ಅಲ್ಲಾಡ್ಬೇಡ," ಎಂದರು ಭಾವ.

ಎರಡನೇ ಸೀಟು ಸಿಂಹಾಸನದಂತಿತ್ತು. ಒರಗಲು ಬೆನ್ನು, ಎರಡೂ ಬದಿಗೆ ಕೈ, ಮೆತ್ತೆ, ಸೊಂಟಕ್ಕೆ ಪಟ್ಟಿ. ಒರಗುವ ಹಲಗೆಯ ಹಿಂದೆ, ಪೆಟ್ಟಿಗೆಗಳ ಮೇಲೆ ಒಡೆಯುವ ಸಾಮಾನಿಗೆ ಹಾಕುವ ಗಾಜಿನ ಲೋಟದ ಗುರುತನ್ನೂ ಕಪ್ಪು ಬಣ್ಣದಲ್ಲಿ ಬರೆದಿದ್ದರು.

"ನಾನೆಂತ ಗಾಜಾ?" ಎಂದು ಅಕ್ಕ ರೇಗಿದಳು.

"ಎಕ್ಸ್‌ಪೋರ್ಟ್ ಕ್ವಾಲಿಟಿ," ಎಂದರು ಭಾವ, ನಗದೆ.

ಈ ಸಲ ಅಕ್ಕ ಜಾರಲಿಲ್ಲ. ಭಾವನೇ ಓಡಿಸುತ್ತಿದ್ದ ಟ್ರ್ಯಾಕ್ಟರ್ ಎಷ್ಟು ನಿಧಾನ ಹೋಯಿತೆಂದರೆ ಪಕ್ಕದಲ್ಲಿ ನಡೆಯುತ್ತಿದ್ದ ನಾನು ಆಗಾಗ ನಿಂತು ಕಾಯಬೇಕಾಯಿತು. ಭಾವ ಪ್ರತಿ ಹೊಂಡಕ್ಕೂ ಹಿಂತಿರುಗಿ ನೋಡುವರು. "ಎದುರು ನೋಡಿ ಬಿಡಿ!" ಎಂದು ಅಕ್ಕ ಗದರುವಳು. ಹೊಲ ಬಂತು. ಅಕ್ಕ ಇಳಿಯಲಿಲ್ಲ, ಮೇಲಿಂದಲೇ ಹರಿವೆ, ಬೆಂಡೆ, ಬಸಳೆಯ ಚಪ್ಪರ ಎಲ್ಲವನ್ನೂ ನೋಡಿದಳು. ತಪ್ಪು ಹುಡುಕುತ್ತಾಳೆಂದು ನಾನೂ ಭಾವನೂ ಕಾದೆವು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಧೂಳು ಎಂದಳು. ಮಳೆ ಬಿದ್ದು ನೆಲ ಒದ್ದೆಯಾಗಿತ್ತು.

ಡಾಂಬರು ರಸ್ತೆಗೆ ಮರಳಿದಾಗ, ನಮ್ಮನ್ನು ಕರೆತಂದು ಕಾದಿದ್ದ ರಿಕ್ಷಾದವ ಹಾರ್ನ್ ಹೊಡೆಯುತ್ತಿದ್ದ. ಭಾವ ಎಂಜಿನ್ ನಿಲ್ಲಿಸಿ ಏಣಿ ಬಿಡಿಸಿದರು. ನಾನು ಭುಜ ಕೊಟ್ಟು ನಿಂತೆ. ಅಕ್ಕ ಪಟ್ಟಿ ಬಿಚ್ಚಲಿಲ್ಲ.

"ನೋಡಿ," ಎಂದಳು ಭಾವನಿಗೆ, ಮದುವೆಯ ಹೊಸತರಲ್ಲಿ ಮಾತ್ರ ನಾನು ಕೇಳಿದ್ದ ಸಣ್ಣ ದನಿಯಲ್ಲಿ. "ಇನ್ನೊಂದು ಸಲ ಹೋಗಿ ಬರುವನಾ?"

ನಮ್ಮ ಭಾವ ಬಿಡಿಸಿದ ಏಣಿಯನ್ನು ಮತ್ತೆ ಮಡಚಿ ಎಂಜಿನ್ ಶುರು ಮಾಡಿದರು. ನಾನು ರಿಕ್ಷಾದವನ ಹತ್ತಿರ ಹೋಗಿ, "ಜರಾ ಥಾಂಬಾ" ಎಂದೆ. ಹಾರ್ನಿನ ಸದ್ದಿನಲ್ಲಿ ಅದು ಅವನಿಗೆ ಕೇಳಲಿಲ್ಲ, ತುಸು ಕಾಯುವಂತೆ ಕೈಸನ್ನೆ ಮಾಡಿದೆ.