ಗಡಿಯಾರದ ಹಿಂದಿನ ಮುಚ್ಚಳ

ಹಳೇ ಕೈಗಡಿಯಾರ ಬಿಚ್ಚೂ ಕೆಲಸ ಹಿಡದವಗ ನಗೀಗೇನ್ ಕಡಿಮಿ ಇಲ್ಲ ಬಿಡ್ರಿ. ವಿಜಯಪುರದ ನನ್ನ ಸಣ್ಣ ಅಂಗಡಿಗಿ ಈಗ ಗಿರಾಕಿ ಕಡಿಮಿ, ಎಲ್ಲಾರೂ ಮೊಬೈಲ್‌ನ್ಯಾಗ ಟೈಮ್ ನೋಡ್ತಾರ. ಆದ್ರ ಬರೂ ನಾಕು ಮಂದಿನ ಸಾಕು.

ಒಳ್ಳಕಲ್ಲಿನ ವೈದ್ಯ

ಬಬಲೇಶ್ವರದ ಮಾಸ್ತರೊಬ್ರು ವಾಚಿನ ಹಿಂದಿನ ಮುಚ್ಚಳಾ ಚಾಕೂಲೆ ಎಬ್ಬಿಸಿ ತಗದಾರ. ಅದು ಒತ್ತಿ ಕೂಡಸೂ ಮುಚ್ಚಳ, ತಿರುಪು ಇಲ್ಲ. ತಗದ್ರು, ಹಾಕಾಕ ಬರಲಿಲ್ಲ. ಒಳ್ಳಕಲ್ಲಿನ ಗುಂಡು ತಂದು ಮ್ಯಾಲ ಹೇರ್ಯಾರ.

"ಏನಾತ್ರಿ ಸರ?" ಅಂದೆ.

"ಮುಚ್ಚಳ ಕೂತತ್ರಿ. ಮುಂದಿನ ಗಾಜು ಎದ್ದು ಹೋತು!"

ಮುಚ್ಚಳಾನ ಇಲ್ಲ

ತಿಕೋಟಾದ ದ್ರಾಕ್ಷಿ ತ್ವಾಟದವ ಒಬ್ಬ ಸಿಟ್ಟೀಲೆ ಬಂದ. "ಮಾವ ಮದವ್ಯಾಗ ಡೂಪ್ಲಿಕೇಟ್ ವಾಚ್ ಕೊಟ್ಟಾನ್ರಿ. ಹಿಂದ ಮುಚ್ಚಳಾನ ಇಲ್ಲ! ಅದಕ್ಕ ನಾ ಅವರ ಮನಿಗಿ ಹೋಗೂದ ಬಿಟ್ಟೇನಿ."

ಆ ಜಾತಿ ಅಸಲಿ ವಾಚಿಗಿ ಹಿಂದ ಬಿಚ್ಚೂ ಮುಚ್ಚಳ ಇರೂದಿಲ್ಲ, ಗಾಜು ಎತ್ತಿ ಮುಂದಿಂದನ ಮಷೀನ ತಗೀಬೇಕು. ತಗದು ತೋರಿಸಿದೆ. ಅವನ ಮಾರಿ ಸಣ್ಣದಾತು.

"ಹಂಗಾದ್ರ ಮಾವನ ಮನ್ಯಾಗಿನ ಎರಡ ವರ್ಷದ ಪಂಚಮಿ ಉಂಡಿ ಸುಮ್ನ ಕಳಕೊಂಡ್ನ್ಯೋ ಯಪ್ಪಾ!"

ಹೊನವಾಡದ ಕಾಕಾ

ಹೊನವಾಡದ ಕಾಕಾ ರವಿವಾರಕ್ಕೊಮ್ಮೆ ಬಸ್ ಹತ್ತಿ ನನ್ನ ಅಂಗಡಿಗಿ ಬರ್ತಿದ್ದ. ವಾಚಿಗೇನೂ ರೋಗ ಇದ್ದಿಲ್ಲ. ಅದನ್ನ ಟೇಬಲ್ ಮ್ಯಾಲ ಇಟ್ಟು ಇಬ್ರೂ ಚಹಾ ಕುಡದು, ಮಿರ್ಚಿ ಭಜಿ ತಿಂದು, ಹಿಂದಿನ ದಿನಾ ನೆನಸ್ಕೋತ ಕೂಡ್ತಿದ್ದಿವಿ. ಮದವಿ ಸುಗ್ಯಾಗ ಈ ಅಂಗಡ್ಯಾಗ ನಿಂದ್ರಾಕ ಜಾಗ ಇರ್ತಿದ್ದಿಲ್ಲ. ಖರೇ ಹೇಳ್ತೇನಿ, ಅವ ಬರೂದ ನನಗೂ ಹಬ್ಬ.

ಮನ್ಯಾಗ ಮಾತ್ರ ಅವ ಬ್ಯಾರೇನ ಹೇಳಿದ್ದ: "ವಾಚ್ ವಾರಾ ವಾರಾ ಬಿಚ್ಚಿ ನೋಡಬೇಕು. ಆ ಮುಚ್ಚಳಾ ತಿರವೂ ಚಾವಿ ಇಡೀ ಬಿಜಾಪುರದಾಗ ಅವನ ಹಂತೇಕ ಒಂದ ಐತಿ."

ಒಂದ ರವಿವಾರ ಅವನ ಹೆಂಡ್ತಿ ಕಾಕೂನೂ ಬಂದ್ಲು. "ಎಲ್ಲೈತಪಾ ತಮ್ಮಾ ಆ ಚಾವಿ? ತೋರ್ಸು."

ಕಾಕಾ ಹಿಂದ ನಿಂತು ಕೈಮುಗದ. ಗುಟ್ಟು ರಟ್ಟಾದ್ರ ನಮ್ಮಿಬ್ರ ರವಿವಾರ ಮುಗೀತು. ದೊಡ್ಡ ಚಾವಿ ತಗದು ತಿರವಿದಂಗ ನಾಟಕ ಮಾಡಿದೆ. ಅದು ಒತ್ತೂ ಮುಚ್ಚಳ, ಚಾವಿ ಜಾರಿ ಹೋತು.

"ಕೊಡಿಲ್ಲೆ" ಅಂತ ಕಾಕು ಅಂಚಿನ ಸಂದ್ಯಾಗ ಉಗರ ಹಾಕಿದ್ಲು. ಟಕ್! ಬಿಚ್ಚಿತು.

ಕಾಕಾ ನಡುವ ಬಾಯಿ ಹಾಕಿದ. "ತಗಿಯೂದ ಸರಳ ಬಿಡು. ಮುಚ್ಚೂದು ಇವಂಗಷ್ಟ ಬರ್ತೈತಿ."

ದಿನಾ ಜ್ವಾಳದ ರೊಟ್ಟಿ ಬಡಿಯೂ ಕೈ ಅದು. ಮುಚ್ಚಳಾ ಮ್ಯಾಲಿಟ್ಟು ಅಂಗೈಲೆ ಒಂದ ಬಡದ್ಲು. ಟಕ್! ಕೂತತು.

ಕಾಕು ಚಹಾ ಕುಡದ್ಲು, ಮಿರ್ಚಿ ತಿಂದ್ಲು, ಗಂಡನ್ನ ಕರಕೊಂಡು ಹೋದ್ಲು. ಆ ವಾರ ಪೂರ್ತಿ ನನಗ ಚಹಾ ಸೇರಲಿಲ್ಲ.

ಮುಂದಿನ ರವಿವಾರ ನೋಡ್ತೇನಿ, ಇಬ್ರೂ ಬಸ್ ಇಳದು ಬರಾಕತ್ತಾರ! ಕಾಕು ತನ್ನ ಕೈಯಾನ ಸಣ್ಣ ವಾಚ್ ಬಿಚ್ಚಿ ಟೇಬಲ್ ಮ್ಯಾಲ ಇಟ್ಟು, ಕುರ್ಚಿ ಎಳಕೊಂಡು ಕುಂತ್ಲು.

"ಇದರ ಮುಚ್ಚಳ ಭಾಳ ಬಿಗಿ ಐತಿ ತಮ್ಮಾ, ನನಗ ತಗ್ಯಾಕ ಬರವಲ್ದು. ವಾರಾ ವಾರಾ ತರಬೇಕಾಗ್ತೈತಿ. ಮದ್ಲ ಮಿರ್ಚಿ ಹೇಳು."