ನವಾಬನ ಒಳಪಟ್ಟಿ

ಶಿಕಾರಿಪುರದ ಹೆಂಗಸರು ರೆಡಿಮೇಡ್ ರವಿಕೆಗೆ ಕೈ ತೂರಿಸಿದ ದಿನದಿಂದ ದರ್ಜಿ ನಜೀರ್ ಸಾಬರಿಗೆ ನಗುವೇ ಮರೆತುಹೋಗಿತ್ತು. ಮೂವತ್ತು ವರ್ಷ ಊರಿನ ಅಳತೆಯನ್ನೆಲ್ಲ ತಲೆಯಲ್ಲಿ ಹೊತ್ತವರ ಮುಂದೆ ಈಗ ಬಂದು ಬೀಳುತ್ತಿದ್ದುದು ಕೆಟ್ಟ ಜಿಪ್ಪು, ಕಿತ್ತ ಗುಂಡಿ. ‘ಉಳಿದ ಬಟ್ಟೆ ತಪ್ಪದೆ ವಾಪಸ್ ಕೊಡಲಾಗುವುದು’ ಎಂಬ ಶಿಲಾಶಾಸನ ಮಾತ್ರ ಬೋರ್ಡಿನ ಮೇಲೆ ಹಾಗೇ ಇತ್ತು.

ಅಂಥ ಒಂದು ಸಪ್ಪೆ ಮಧ್ಯಾಹ್ನ ನೀಲಾಂಬಿಕ ಬಂದರು. (ಉಳಿದಿದ್ದ ಏಕೈಕ ಖಾಯಂ ಗಿರಾಕಿ.) ಕಿಟಕಿ ಪರದೆಗೆಂದು ಆನ್‌ಲೈನಿನಲ್ಲಿ ತರಿಸಿದ ಎಂಟು ಮೀಟರ್ ಬಿಳಿ ಬಟ್ಟೆ ಅವರ ಕೈಲಿತ್ತು. ಕಣ್ಣಿಗೆ ಅಡ್ಡ ಹಿಡಿದರೂ ಆಚೆ ಹೋಗುವ ಬಸ್ಸಿನ ಬೋರ್ಡು ಓದಬಹುದು, ಅಷ್ಟು ತೆಳು. ಮಗ ರಾಜಕುಮಾರನಿಗೆ ಸೊರಬದಲ್ಲಿ ಐತಿಹಾಸಿಕ ವೇಷಭೂಷಣ ಸ್ಪರ್ಧೆಯಂತೆ.

“ಕದಂಬರ ರಾಜನ್ನ ಮಾಡ್ರಿ ಸಾಬ್ರೇ. ನಮ್ಮ ತಾಳಗುಂದದೋರು.”

“ಅಕ್ಕಾರೆ, ಗುಡಿ ಕಲ್ಲಿನಾಗೆ ರಾಜರನ್ನ ನೋಡೀರಿಲ್ಲ? ಸೊಂಟದ ಮ್ಯಾಲೆ ಅಂಗೀನೇ ಇಲ್ಲ. ನಾನೇನು ಗಾಳಿ ಹೊಲೀಲಾ?”

“ಹಂಗಾರೆ ಕೆಳದಿ ದಿವಾನ?”

“ಈ ಬಟ್ಟೆ ಹಾಕ್ಕೊಂಡ್ ಬಂದ್ರೆ ಅವತ್ತೇ ಕೆಲಸದಿಂದ ತೆಗೀತಾರ್ರೀ.”

ಒಳಗಿನಿಂದ ಹೆಂಡತಿ ಕುಬ್ರಾ ಬೀ ಕೂಗಿದರು. “ಸೊಳ್ಳೆಪರದೆ ಹೊಲ್ದು ಕೊಡ್ರಿ. ಅದಕ್ಕೂ ಇತಿಹಾಸ ಐತೆ.”

ಆ ಮಾತಿಗೆ ಸಾಬರ ಪೌರುಷ ಕೆರಳಿತು. ಅಜ್ಜ ಹೇಳುತ್ತಿದ್ದ ನವಾಬರ ನಿಲುವಂಗಿ ನೆನಪಾಯಿತು. ಎದೆಗೆ ಬಿಗಿ, ಸೊಂಟದಿಂದ ಕೆಳಗೆ ನೂರು ನೆರಿಗೆ, ಬಟ್ಟೆ ತೆಳುವಾದಷ್ಟೂ ದರ್ಜೆ ಹೆಚ್ಚು. ಇದೊಂದು ಗೆದ್ದರೆ ಊರು ಮತ್ತೆ ಅಳತೆ ಕೊಡಲು ಬರುತ್ತದೆ ಎಂದು ಅವರಿಗೆ ಖಾತ್ರಿಯಾಯಿತು. ಹಳೆಯ ಗಿರಾಕಿಗಳ ಮನೆಮನೆಗೂ ಹೋಗಿ ಸ್ಪರ್ಧೆಗೆ ಬರಲೇಬೇಕೆಂದು ಕರೆದರು.

ಆದರೆ ಆ ಮೆದು ಬಟ್ಟೆಯಲ್ಲಿ ನೆರಿಗೆ ನಿಲ್ಲಲೊಲ್ಲದು. ಒಳಗೊಂದು ಗಟ್ಟಿ ಪಟ್ಟಿ ಬೇಕು. ಸಾಬರು ಬೆಂಚಿನಡಿಯ ಚೀಲ ಎಳೆದರು. ಮೂವತ್ತು ವರ್ಷದ ತುಂಡುಗಳು! (ಕಳವಲ್ಲ. ಒಳ್ಳೆಯ ಬಟ್ಟೆ ಕೈಬಿಡಲು ಮನಸ್ಸಾಗದೆ ಉಳಿದುಹೋದದ್ದು.)

“ಒಳಗೂ ಬಿಳೀದೇ ಹಾಕ್ರಿ,” ಎಂದರು ಕುಬ್ರಾ ಬೀ.

“ಒಳಪಟ್ಟಿ ಯಾರ್ ನೋಡ್ತಾರೆ? ನನಗೇ ಹೇಳಿಕೊಡ್ತೀಯಾ?”

ಸೊಂಟ, ಅಂಚು, ಕೊರಳು, ಮೂರೂ ಕಡೆ ಎರಡು ಮಡಿಕೆಯ ನಡುವೆ ಬಣ್ಣದ ಪಟ್ಟಿ ಸೇರಿತು. ಹಗಲಲ್ಲೂ ಮಬ್ಬುಗತ್ತಲಿರುವ ಆ ಅಂಗಡಿಯಲ್ಲಿ ಅಂಗಿ ಹಾಲಿನಷ್ಟು ಬಿಳಿಯಾಗಿ ಕಂಡಿತು.

ಸೊರಬದ ವೇದಿಕೆಗೆ ನವಾಬ ರಾಜಕುಮಾರ ಗತ್ತಿನಿಂದ ಬಂದ. ಚಪ್ಪಾಳೆ ಬಿತ್ತು. ಅಷ್ಟರಲ್ಲಿ ಹಿಂದಿನ ದೊಡ್ಡ ದೀಪ ಹತ್ತಿತು. ಸೊಂಟದ ಸುತ್ತ ನವಿಲುಬಣ್ಣ, ಅಂಚಿನಲ್ಲಿ ಜರಿಯ ಕುಂಕುಮಗೆಂಪು, ಕೊರಳಲ್ಲಿ ಗಿಳಿಹಸಿರು ಎದ್ದು ಕಂಡವು.

ಮುಂದಿನ ಸಾಲಿನಿಂದ ಹಳೆಯ ಗಿರಾಕಿ ಸುಂಕಲಮ್ಮ ಎದ್ದು ನಿಂತರು. “ಆ ಕೆಂಪು ನನ್ ಮಗಳ ಮದುವಿ ರವಿಕೇದು! ಬಟ್ಟಿ ಸಾಲಲ್ಲಾಂತ ತೋಳು ಗಿಡ್ಡ ಹೊಲ್ದಿದ್ದ ಈ ಮನುಷ್ಯ!”

“ನವಿಲುಬಣ್ಣ ನಂದಲ್ವಾ?” ಎಂದರು ನೀಲಾಂಬಿಕ ತಣ್ಣಗೆ.

ನೆಲ ಬಾಯಿಬಿಡಬಾರದೇ ಅನ್ನಿಸಿತು ಸಾಬರಿಗೆ. ಕೊನೆಯ ಆಸರೆಯೆಂದು ಹೆಂಡತಿಯ ಕಡೆ ತಿರುಗಿದರು. ಕುಬ್ರಾ ಬೀ ನವಾಬನ ಕೊರಳನ್ನೇ ನೋಡುತ್ತಿದ್ದರು.

“ಆರು ವರ್ಷದ ಹಿಂದಿನ ಈದ್,” ಎಂದರು ಮೆಲ್ಲಗೆ. “ಗಿಳಿಹಸಿರು ಕುರ್ತಾ. ‘ನೀನು ದಪ್ಪ ಆಗೀಯಾ, ಅದಕ್ಕೇ ಬಟ್ಟೆ ಸಾಲಲಿಲ್ಲ’ ಅಂದ್ರಿ. ಆ ಒಂದ್ ಮಾತಿಗೆ ನಾನು ಒಂದ್ ಹೊತ್ತು ಊಟ ಬಿಟ್ಟಿದ್ದು, ಇವತ್ತಿಗೂ ಬಿಟ್ಟೇ ಇದೀನಿ.”

ಬಸ್ಸಿನಲ್ಲಿ ಇಬ್ಬರೂ ಬೇರೆಬೇರೆ ಸೀಟಿನಲ್ಲಿ ಕೂತು ಬಂದರು.

ಮರುದಿನ ಬಾಗಿಲು ತೆರೆದರೆ ಅಂಗಡಿಯ ಮುಂದೆ ಹೆಂಗಸರ ಸಾಲು, ಬೀದಿಯ ತಿರುವಿನವರೆಗೆ. ಹಬ್ಬದ ಸೀಜನ್ನಿನಲ್ಲೂ ಸಾಬರು ಇಷ್ಟು ಜನ ಕಂಡಿರಲಿಲ್ಲ. ಎಲ್ಲರ ಕೈಲೂ ಹಳೆಯ ರವಿಕೆ. ಉಳಿದ ತುಂಡು ಹುಡುಕಿ ತೋಳು ಉದ್ದ ಮಾಡಿಕೊಡಬೇಕಂತೆ, ಪುಕ್ಕಟೆ.

ಸಾಲಿನ ಮೊದಲಲ್ಲಿ ಗಿಳಿಹಸಿರು ಕುರ್ತಾ ಹಿಡಿದು ಕುಬ್ರಾ ಬೀ ನಿಂತಿದ್ದರು.