ಸೊನ್ನೆಯಿಂದ ನೂರಕ್ಕೆ ಎಂಟೂವರೆ ಸೆಕೆಂಡು

ಗ್ಯಾರೇಜು ಇಟ್ಟುಕೊಂಡವನು ನಗೋದಕ್ಕೆ ಅಂತ ಬೇರೆ ಕಡೆ ಹೋಗಬೇಕಾಗಿಲ್ಲ. ನಗುವಂಥ ಪ್ರಸಂಗಗಳು ಗಾಡಿ ಹತ್ತಿಕೊಂಡು ಅಂಗಳಕ್ಕೇ ಬರುತ್ತವೆ. ಹುಣಸೂರಿನಲ್ಲಿ ಮಡಿಕೇರಿ ರಸ್ತೆಗೆ ಮುಖ ಮಾಡಿದ್ದ ನನ್ನ ಗ್ಯಾರೇಜಿಗೆ ಜೀಪು, ಟ್ರ್ಯಾಕ್ಟರು, ಹೊಗೆಸೊಪ್ಪಿನ ಲಾರಿ ಎಲ್ಲ ಬಂದಿವೆ. ಆದರೆ ತೊಂಬತ್ತರ ದಶಕದ ಕೊನೆಯಲ್ಲಿ ಬಂದ ಒಂದು ಹಳೇ ಸ್ಪೋರ್ಟ್ಸ್ ಕಾರು ಹೊತ್ತು ತಂದಷ್ಟು ಅನುಮಾನವನ್ನು ಬೇರೆ ಯಾವ ಲಾರಿಯೂ ತರಲಿಲ್ಲ. ಅದು ಇದ್ದಷ್ಟು ದಿನ ನಮ್ಮಲ್ಲಿ ಯಾರೂ ಯಾರನ್ನೂ ನಂಬಲಿಲ್ಲ.

೧. ತೆಗೆದ ಪಾರ್ಟು

ಕಾರು ನಮ್ಮೂರಿನ ಹಲ್ಲಿನ ಡಾಕ್ಟರದ್ದು. ಕೊಡಗಿನ ಒಬ್ಬ ಕಾಫಿ ತೋಟದವರಿಂದ ಕೊಂಡು ತಂದಿದ್ದರು. ಕೆಂಪು ಬಣ್ಣ, ಎರಡೇ ಬಾಗಿಲು, ಐದು ಗೇರು. ನೆಲಕ್ಕೆ ಎಷ್ಟು ಹತ್ತಿರ ಅಂದರೆ, ರಸ್ತೆಯಲ್ಲಿ ಹಂಪು ಕಂಡರೆ ಡಾಕ್ಟರು ಇಳಿದು, ಬಗ್ಗಿ ನೋಡಿ, ಆಮೇಲೆ ದಾಟಿಸುತ್ತಿದ್ದರು. ಕಾರಿನ ಜೊತೆ ಒಂದು ಪುಸ್ತಕ ಬಂದಿತ್ತು. ನಿಂತಲ್ಲಿಂದ ಹೊರಟು ಗಂಟೆಗೆ ನೂರು ಕಿಲೋಮೀಟರ್ ವೇಗ ಮುಟ್ಟಲು ಈ ಕಾರಿಗೆ ಎಂಟೂವರೆ ಸೆಕೆಂಡು ಸಾಕು ಅಂತ ಅದರಲ್ಲಿ ಅಚ್ಚಾಗಿತ್ತು. ಡಾಕ್ಟರು ಓಡಿಸಿ ನೋಡಿದರೆ ಹನ್ನೆರಡು.

"ಮಿಕ್ಕ ಮೂರೂವರೆ ಸೆಕೆಂಡು ಎಲ್ಲಿಂದ ಬಂತು?" ಅಂತ ನನ್ನನ್ನು ಕೇಳಿದರು.

"ಕಾರಿಗೆ ಹದಿನೈದು ವರ್ಷ ಆಯ್ತಲ್ಲ ಸಾರ್. ನಾವೂ ಮುಂಚಿನ ಥರ ಓಡಲ್ಲ."

"ನಾನು ಓಡಲ್ಲ, ಒಪ್ಪಿದೆ. ಆದ್ರೆ ನನ್ನ ಒಳಗಿಂದ ಯಾರೂ ಪಾರ್ಟು ತೆಗೆದಿಲ್ಲ."

ನಾನು ಒಳ್ಳೇ ಪಾರ್ಟು ಬಿಚ್ಚಿಕೊಂಡು ಹಳೇದು ಹಾಕಿದ್ದೇನೆ ಅಂತ ಅವರ ಗುಮಾನಿ. ಅಂದಿನಿಂದ ನಾನು ಬಾನೆಟ್ ಎತ್ತಿದರೆ ಸಾಕು, ಅವರು ಸ್ಟೂಲು ಹಾಕಿಕೊಂಡು ಎದುರಿಗೆ ಕೂರುತ್ತಿದ್ದರು. ಹೆಂಡತಿಯ ಉಗುರುಬಣ್ಣ ತಂದು ಒಂದೊಂದು ಪಾರ್ಟಿಗೂ ಒಂದೊಂದು ಬೊಟ್ಟು ಇಟ್ಟರು. ಎಂಜಿನ್ನು ಮದುವೆ ಮನೆಗೆ ಹೊರಟವರಂತೆ ಕಾಣುತ್ತಿತ್ತು.

ಆ ಬೇಸಿಗೆಯಲ್ಲಿ ನನಗೆ ದವಡೆ ಹಲ್ಲು ನೋವು ಬಂತು. ಬೇರೆ ದಾರಿ ಇಲ್ಲದೆ ಅವರ ಹತ್ತಿರವೇ ಹೋದೆ. ಇಂಜೆಕ್ಷನ್ ಕೊಟ್ಟು ಇಕ್ಕಳ ಕೈಗೆ ತೆಗೆದುಕೊಂಡಾಗ ನಾನು ಒಂದು ಕನ್ನಡಿ ಕೇಳಿದೆ.

"ಕನ್ನಡಿ ಯಾಕೆ?"

"ಯಾವುದು ತೆಗೀತೀರ ನೋಡ್ಕೋತೀನಿ ಸಾರ್."

ಡಾಕ್ಟರು ಕನ್ನಡಿ ಕೊಟ್ಟರು. ಹಲ್ಲು ಕಿತ್ತು, ತೊಳೆದು, ಹತ್ತಿಯಲ್ಲಿ ಸುತ್ತಿ ನನ್ನ ಅಂಗೈಯಲ್ಲಿ ಇಟ್ಟರು. "ತಗೊಳ್ಳಿ, ತೆಗೆದ ಪಾರ್ಟು. ಮಿಕ್ಕಿದ್ದನ್ನ ಎಣಿಸಿಕೊಂಡೇ ಹೋಗಿ."

೨. ವಾಚು ಹಿಡಿದವರು

ಗೇರು ಹಾಕುವವರೇ ಗಡಿಯಾರ ನೋಡಿದರೆ ಲೆಕ್ಕ ಸರಿ ಬರಲ್ಲ ಅಂತ ಡಾಕ್ಟರು ಒಬ್ಬ ನಿವೃತ್ತ ಡ್ರಿಲ್ ಮಾಸ್ತರನ್ನು ಗೊತ್ತು ಮಾಡಿದರು. ಮೂವತ್ತು ವರ್ಷ ಹೈಸ್ಕೂಲು ಮೈದಾನದಲ್ಲಿ ಹುಡುಗರನ್ನು ಓಡಿಸಿ ವಾಚು ಒತ್ತಿದ್ದವರು. ಭಾನುವಾರ ಬೆಳಗ್ಗೆ ಕೆ.ಆರ್. ನಗರದ ರಸ್ತೆಯಲ್ಲಿ ನೇರವಾಗಿದ್ದ ಒಂದು ಕಡೆ ನಮ್ಮ ಪರೀಕ್ಷೆ. ಡಾಕ್ಟರು ಸ್ಟೀರಿಂಗಿಗೆ, ಮೇಷ್ಟ್ರು ಪಕ್ಕಕ್ಕೆ, ನಾನು ಹಿಂದೆ ಮೊಣಕಾಲು ಗದ್ದಕ್ಕೆ ಕೊಟ್ಟುಕೊಂಡು.

ಮೊದಲ ಸಲ ಹನ್ನೆರಡು ಸೆಕೆಂಡು ಬಂತು. ಎರಡನೇ ಸಲ ಒಂಬತ್ತೂವರೆ. ಮೂರನೇ ಸಲ ಹದಿನಾಲ್ಕು. ಅದೇ ಕಾರು, ಅದೇ ರಸ್ತೆ.

"ಮೇಷ್ಟ್ರೇ, ವಾಚು ಸರಿ ಇದೆಯಾ?" ಅಂದರು ಡಾಕ್ಟರು.

"ವಾಚಿನ ಮೇಲೆ ಅನುಮಾನ ಬೇಡಿ ಸಾರ್. ಇದರಲ್ಲಿ ಜಿಲ್ಲಾ ಮಟ್ಟದ ಓಟ ನೋಡಿದೀನಿ."

ಮೇಷ್ಟ್ರು ಇಳಿದು ಪೊದೆಯ ಕಡೆ ಹೋದಾಗ ಡಾಕ್ಟರು ನನ್ನ ಕಿವಿಯಲ್ಲಿ, "ಈ ಸಲ ರಸ್ತೆ ನೋಡಬೇಡಿ, ಅವರನ್ನ ನೋಡಿ" ಅಂದರು. ನೋಡಿದೆ. ಕಾರು ಅರವತ್ತು ದಾಟುತ್ತಿದ್ದಂತೆ ಮೇಷ್ಟ್ರು ಕಣ್ಣು ಬಿಗಿಯಾಗಿ ಮುಚ್ಚಿದರು. ತುಟಿ ಮಾತ್ರ ಅಲ್ಲಾಡುತ್ತಿತ್ತು, ದೇವರ ನಾಮ ಇರಬೇಕು. ಕಾರು ನಿಂತ ಮೇಲೆ ನಾನೇ ಕೇಳಿದೆ, "ಕಣ್ಣು ಮುಚ್ಚಿಕೊಂಡರೆ ಮುಳ್ಳು ನೂರಕ್ಕೆ ಬಂದಿದ್ದು ಹೆಂಗೆ ಗೊತ್ತಾಗ್ತದೆ ಮೇಷ್ಟ್ರೇ?"

ಮೇಷ್ಟ್ರು ಮುಚ್ಚಿಡಲಿಲ್ಲ. "ನೂರು ಮುಟ್ಟಿದಾಗ ಡಾಕ್ಟರು ಉಸ್ಸಂತ ಉಸಿರು ಬಿಡ್ತಾರಲ್ಲ, ಆಗ ಒತ್ತುತೀನಿ."

ಡಾಕ್ಟರು ಸ್ಟೀರಿಂಗಿನಿಂದ ಕೈ ತೆಗೆದು, "ನಾನು ಮುಳ್ಳು ಎಲ್ಲಿ ನೋಡ್ತೀನಿ ಮೇಷ್ಟ್ರೇ? ನೀವು ವಾಚು ಒತ್ತಿದ ಟಿಕ್ ಕೇಳಿದ ಮೇಲೆ ನೂರಾಯ್ತಲ್ಲ ಅಂತ ಉಸಿರು ಬಿಡ್ತೀನಿ" ಅಂದರು.

೩. ಸುಣ್ಣದ ಗೆರೆ

ಕಬ್ಬಿನ ಗಾಡಿಗಳು ಶುರುವಾದ ಮೇಲೆ ಆ ರಸ್ತೆ ಬಿಟ್ಟು ಎಚ್.ಡಿ. ಕೋಟೆ ಕಡೆ, ಹಂಪಾಪುರದ ಹತ್ತಿರ ಒಂದು ರಸ್ತೆ ಹುಡುಕಿದೆವು. ಅಷ್ಟರಲ್ಲಿ ಡಾಕ್ಟರಿಗೆ ನನ್ನ ತೂಕದ ಮೇಲೆ ಅನುಮಾನ ಬಂದಿತ್ತು. ನಾನು ಹಿಂದೆ ಕೂತರೆ ಅರ್ಧ ಸೆಕೆಂಡು ನಷ್ಟವಂತೆ. ಹಾಗಾಗಿ ನನ್ನನ್ನು ಇಳಿಸಿ, ಕೈಗೆ ಸುಣ್ಣದ ಪುಡಿ ಕೊಟ್ಟು, ಪ್ರತಿ ಸಲ ಒಂದೇ ಜಾಗದಿಂದ ಹೊರಡೋಕೆ ರಸ್ತೆಗೆ ಗೆರೆ ಎಳೆಯಲು ಹೇಳಿ ಹೋದರು.

ಗೆರೆ ಮುಗಿಯುವುದರೊಳಗೆ ಪಕ್ಕದ ಹೊಲದಿಂದ ಒಬ್ಬ ಯಜಮಾನರು ಬಂದರು. ಹಿಂದೆ ಅವರ ತಮ್ಮ.

"ಯಾವ ಆಪೀಸು ಸ್ವಾಮಿ?"

"ಆಫೀಸಲ್ಲ ಯಜಮಾನ್ರೇ. ಕಾರಿನ ವೇಗ ಅಳೀತಾ ಇದೀವಿ."

"ಅಳೀತಾ ಇದೀವಿ ಅಂದ್ರಲ್ಲ, ಅದೇ ಕಣ್ರೀ ನಾನ್ ಕೇಳ್ತಿರಾದು. ರಸ್ತೆಗೋ, ಕಾಲ್ವೆಗೋ, ಇಲ್ಲಾ ಆ ರೆಸಾರ್ಟ್‌ನೋರ್ಗೋ?"

"ಯಾವುದಕ್ಕೂ ಅಲ್ಲ. ಸುಮ್ನೆ."

"ಬೀಚನಳ್ಳಿ ತಾವ ಕಟ್ಟೆ ಕಟ್ಟೋಕ್ ಮುಂಚೆನೂ ಇಂಗೇ ಸುಣ್ಣ ಆಕೋರು ಬಂದು ಸುಮ್ನೆ ಅಂದಿದ್ರು. ನಮ್ಮತ್ತೆ ಊರು ಈಗ ನೀರೊಳ್ಗದೆ."

ಅಷ್ಟರಲ್ಲಿ ಕಾರು ತಿರುಗಿ ಬಂತು. ಒಬ್ಬರ ಕೈಯಲ್ಲಿ ವಾಚು, ಇನ್ನೊಬ್ಬರ ಕೈಯಲ್ಲಿ ನೋಟ್ ಪುಸ್ತಕ ನೋಡಿ ಯಜಮಾನರ ಅನುಮಾನ ಗಟ್ಟಿಯಾಯಿತು. ಅವರ ತಮ್ಮ ಆ ಗೆರೆಯನ್ನು ಕಾಲಿನಿಂದ ಅಳಿಸತೊಡಗಿದ. ಡಾಕ್ಟರು ಕಾರಿನ ಪುಸ್ತಕವನ್ನೇ ತೆಗೆದು ಬೆರಳಿಟ್ಟು ತೋರಿಸಿದರು. "ನೋಡಿ, ಇಲ್ಲೇ ಬರೆದಿದಾರೆ. ಸೊನ್ನೆ, ನೂರು, ಎಂಟೂವರೆ. ಇಷ್ಟೇ ನಾವು ನೋಡ್ತಿರೋದು."

ಯಜಮಾನರು ಆ ಮೂರು ಅಂಕಿಯನ್ನು ನಿಧಾನವಾಗಿ ನೋಡಿ ತಮ್ಮನ ಕಡೆ ತಿರುಗಿದರು. "ಸೊನ್ನೆ ನಮ್ಗೆ ಕಣ್ಲಾ. ನೂರು ಸರ್ಕಾರುಕ್ಕೆ."

"ಎಂಟೂವರೆ ಯಾರ್ಗಣ್ಣ?"

ಯಜಮಾನರು ಸುಣ್ಣದ ಚೀಲ ಹಿಡಿದು ನಿಂತಿದ್ದ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಮದ್ಯದಲ್ ನಿಂತವ್ನಲ್ಲ, ಇವುನ್ಗೆ."

೪. ಬರೆದುಕೊಡಿ

ಒಂದು ಸಲ ಕೆ.ಆರ್. ನಗರದ ಹತ್ತಿರ ಪೊಲೀಸ್ ಪೇದೆಯೊಬ್ಬರು ಕೈ ಅಡ್ಡ ಹಿಡಿದರು. "ಜೋರಾಗಿ ಬರ್ತಿದ್ರಿ ಸಾರ್."

ಡಾಕ್ಟರ ಮುಖ ಅರಳಿತು. "ಎಷ್ಟಿತ್ತು ಅಂತೀರ? ನೂರು ದಾಟಿತ್ತಲ್ಲ? ಅದನ್ನ ಒಂದು ಕಾಗದದಲ್ಲಿ ಬರೆದು, ಟೈಮು ಹಾಕಿ, ಸಹಿ ಮಾಡಿ ಕೊಡಿ."

ಪೇದೆ ಒಂದು ಹೆಜ್ಜೆ ಹಿಂದೆ ಸರಿದರು. ಅಷ್ಟು ವರ್ಷದ ನೌಕರಿಯಲ್ಲಿ, ತಪ್ಪು ಬರೆದುಕೊಡಿ ಅಂತ ಕೇಳಿದವರನ್ನು ಅವರು ಕಂಡಿರಲಿಲ್ಲ. "ಟೈಮು ಯಾಕೆ? ಇಷ್ಟೊತ್ತಿಗೆ ಇಲ್ಲಿದ್ದೆ ಅಂತ ಬರೆಸ್ಕೊಂಡು, ಇನ್ನೆಲ್ಲೋ ಏನಾರ ಮಾಡ್ಬುಟ್ಟು ಬಂದಿದೀರಾ?"

ಡಿಕ್ಕಿ ತೆಗೆಸಿದರು. ಸೀಟಿನ ಅಡಿ ನೋಡಿದರು. ಕಾರು ಕದ್ದಿದ್ದಲ್ಲ ಅಂತ ಖಾತ್ರಿಯಾದ ಮೇಲೆ ಅದನ್ನು ಒಂದು ಸುತ್ತು ಹಾಕಿ ಹೇಳಿದರು, "ಇದು ನೂರು ಓಗೋ ಗಾಡಿ ಅಲ್ಲ ಬುಡಿ ಸಾರ್. ಸದ್ದು ಕೇಳಿ ಮೋಸ ಓದೆ. ಬೇಕಾದ್ರೆ ನಲವತ್ತು ಅಂತ ಬರ್ಕೊಡ್ತೀನಿ."

೫. ಕೆಂಪಿ

ಒಂದು ಸೋಮವಾರ ಡಾಕ್ಟರ ಹೆಂಡತಿ ಒಬ್ಬರೇ ಗ್ಯಾರೇಜಿಗೆ ಬಂದರು. ಪಿರಿಯಾಪಟ್ಟಣದ ಕಡೆಯ ಹೊಗೆಸೊಪ್ಪು ಬೆಳೆಯುವ ಮನೆಯವರು, ಮಾತು ಕಮ್ಮಿ. ಒಂದು ಒದ್ದೆ ಚೀಟಿ ನನ್ನ ಮುಂದೆ ಹಿಡಿದರು. ಗಂಡನ ಅಂಗಿ ಒಗೆಯೋವಾಗ ಜೇಬಿನಲ್ಲಿ ಸಿಕ್ಕಿದ್ದಂತೆ. ಅದರಲ್ಲಿ ಡಾಕ್ಟರ ಕೈಬರಹದಲ್ಲಿ ಹೀಗಿತ್ತು: "ಕೆಂಪಿ ಇವತ್ತೂ ಹನ್ನೊಂದೂವರೆ. ಎಂಟೂವರೆಗೆ ಬರಬೇಕಾದವಳು. ಮುಂದಿನ ಸಲ ಮೇಷ್ಟ್ರನ್ನೂ ಬಿಟ್ಟು ಒಬ್ಬನೇ ಹೋಗಿ ನೋಡಬೇಕು."

"ಭಾನುವಾರ ಬೆಳಗಾಯ್ತು ಅಂದ್ರೆ ಗಡ್ಡ ಹೆರ್ಕೊಂಡು ಹೋಯ್ತಾರೆ. ಬರೋವಾಗ ಮುಖ ಸಪ್ಪಗಿರ್ತದೆ" ಅಂದರು. "ಯಾರು ಈ ಕೆಂಪಿ? ಎಂಟೂವರೆಗೆ ಬರಬೇಕಾದೋಳು ಹನ್ನೊಂದೂವರೆಗೆ ಬರೋಗಂಟ ನೀವು ಮೂವರೂ ಕಾಯ್ತಾ ಕೂತಿರ್ತೀರಾ?"

ಹೇಳುತ್ತಲೇ ಚೀಟಿ ಮಡಿಸಿ ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ನಗು ಬಂದರೂ ನಾನು ನಗಲಿಲ್ಲ. ಬ್ರೇಕ್ ಕೆಲಸ ಮುಗಿದು ನಿಂತಿದ್ದ ಕಾರಿನ ಮೇಲಿನ ಟಾರ್ಪಾಲು ಎಳೆದೆ. "ಇವಳೇ ಅಮ್ಮ. ಬಣ್ಣ ನೋಡಿ ನಾವು ಮೂವರೂ ಹಂಗೆ ಕರೆಯೋದು. ಎಂಟೂವರೆ ಅಂದ್ರೆ ಗಂಟೆ ಅಲ್ಲ, ಸೆಕೆಂಡು."

"ನೀವು ಅವರ ಕಡೆಯೋರು. ಹಂಗೇ ಹೇಳ್ತೀರ."

ಕ್ಲಿನಿಕ್ಕಿಗೆ ಫೋನ್ ಮಾಡಿದೆ. ಒಬ್ಬ ಪೇಷಂಟಿಗೆ ಇಂಜೆಕ್ಷನ್ ಕೊಟ್ಟು, ದವಡೆ ಮರಗಟ್ಟುವುದರೊಳಗೆ ಬರ್ತೀನಿ ಅಂತ ಹೇಳಿ ಡಾಕ್ಟರು ಓಡಿ ಬಂದರು. ಪುಸ್ತಕ ತೋರಿಸಿದರು, ನೋಟ್ ಪುಸ್ತಕ ತೋರಿಸಿದರು. ಆಕೆ ಯಾವುದನ್ನೂ ಮುಟ್ಟಲಿಲ್ಲ. "ನನ್ನೆದುರಿಗೆ ಓಡಿಸಿ ತೋರಿಸಿ" ಅಂದರು.

ಮೂವರೂ ಹೊರಟೆವು. ವಾಚು ನನ್ನ ಕೈಯಲ್ಲಿ. ಡಾಕ್ಟರು ಓಡಿಸಿದರು, ಸರಿಯಾಗಿ ಹನ್ನೊಂದೂವರೆ. ಆಕೆ ರಸ್ತೆ ನೋಡಲಿಲ್ಲ, ಗಂಡನ ಕಾಲನ್ನೇ ನೋಡುತ್ತಿದ್ದರು. ಕಾರು ನಿಂತ ಮೇಲೆ, "ಇಳೀರಿ" ಅಂದರು.

ಚಪ್ಪಲಿ ಬಿಟ್ಟು, ನೆರಿಗೆ ಎತ್ತಿ ಸಿಕ್ಕಿಸಿ, ಸೀಟು ಮುಂದಕ್ಕೆ ಎಳೆದುಕೊಂಡು ಕೂತರು. ಆಮೇಲೆ ಏನಾಯಿತು ಅಂತ ನನಗೆ ಪೂರ್ತಿ ಗೊತ್ತಿಲ್ಲ. ಎರಡನೇ ಗೇರು ಬಿದ್ದದ್ದು ಕೇಳಿಸಿತು, ಮೂರನೆಯದು ಕೇಳಿಸಲೇ ಇಲ್ಲ. ಮುಳ್ಳು ನೂರು ಮುಟ್ಟಿದಾಗ ವಾಚಿನಲ್ಲಿ ಒಂಬತ್ತಕ್ಕೆ ಇನ್ನೂ ಒಂದು ಕೂದಲೆಳೆ ಬಾಕಿ ಇತ್ತು. ಮುಂದಿನ ಸೀಟಿನಲ್ಲಿ ಡಾಕ್ಟರು ಎರಡೂ ಕೈಯಲ್ಲಿ ಬಾಗಿಲು ಹಿಡಿದುಕೊಂಡಿದ್ದರು.

ಕಾರನ್ನು ಮರದ ನೆರಳಿಗೆ ನಿಲ್ಲಿಸಿ ಆಕೆ ಹೇಳಿದರು, "ನಿಮ್ಮ ಕೆಂಪಿ ಹೊತ್ತಿಗೆ ಸರಿಯಾಗೇ ಬರ್ತಾಳೆ ಕಣ್ರೀ. ಕ್ಲಚ್ಚಿನ ಮೇಲಿಂದ ಕಾಲು ತೆಗೀದೆ ಅವಳನ್ನ ತಡ್ಕೊಂಡಿದ್ದೋರು ನೀವು."

ಡಾಕ್ಟರು ಬೆವರು ಒರೆಸಿಕೊಂಡರು. ಸಮಾಧಾನವಾಗಿರಬೇಕು ಅಂದುಕೊಂಡೆ. ಇಲ್ಲ, ಅವರ ಕಣ್ಣು ಸಣ್ಣದಾಯಿತು. "ಇಷ್ಟು ವರ್ಷ ಸಂಸಾರ ಮಾಡಿದೀವಿ. ನಿಂಗೆ ಕಾರು ಓಡಿಸೋಕೆ ಬರ್ತದೆ ಅಂತ್ಲೇ ಗೊತ್ತಿರಲಿಲ್ಲ. ಇಂಥ ಓಡ್ಸೋದು ಎಲ್ಲಿ ಕಲಿತೆ? ಯಾರು ಕಲಿಸಿದ್ರು?"

ಆಕೆ ನೆರಿಗೆ ಸರಿಮಾಡಿಕೊಂಡು ಚಪ್ಪಲಿ ಮೆಟ್ಟಿದರು. "ಒಂದು ಚೀಟೀಲಿ ಬರೆದಿಟ್ಟಿರ್ತೀನಿ. ನನ್ನ ಬಟ್ಟೆ ಒಗೆಯೋವಾಗ ಸಿಗ್ತದೆ, ನೋಡ್ಕೊಳ್ಳಿ."